ಸಂಪ್-ಟ್ಯಾಂಕ್ ವಾಟರ್ ಲೆವೆಲ್ ಕಂಟ್ರೋಲರ್: ಮೋಟರ್ ಉಳಿಸುವುದು ಸಂಪಿನ ಸೆನ್ಸರ್

ಮನೆಗಳಲ್ಲಿ ಹೆಚ್ಚಾಗಿ ಕಾಣುವ ಮಾದರಿ ಇದು: ಮೇಲಿನ ಟ್ಯಾಂಕಿಗೆ ಮೂರು ಸ್ಟೀಲ್ ಸೆನ್ಸರ್, ಸಂಪಿಗೆ ಎರಡು, ಗೋಡೆಗೊಂದು ಕಂಟ್ರೋಲರ್ ಡಬ್ಬಿ. ನೀರಿನ ಮೂಲಕ ಸೆನ್ಸರ್‌ಗಳ ನಡುವೆ ಕರೆಂಟ್ ಹರಿಯುತ್ತದೆಯೇ ಎಂದು ನೋಡಿ ಡಬ್ಬಿ ಮೋಟರ್ ನಡೆಸುತ್ತದೆ, ನಿಲ್ಲಿಸುತ್ತದೆ. ಟ್ಯಾಂಕ್ ತುಂಬಿ ಹರಿಯದಿರಲಿ ಎಂದೇ ಬಹಳ ಮಂದಿ ಇದನ್ನು ಹಾಕಿಸುತ್ತಾರೆ. ಸಂಪಿಗೆ ವೈರ್ ಎಳೆಯುವುದು ರಗಳೆ ಎಂದು ಆ ಎರಡು ಟರ್ಮಿನಲ್‌ ಶಾರ್ಟ್ ಮಾಡಿ (ಒಂದಕ್ಕೊಂದು ಜೋಡಿಸಿ) ಬಿಟ್ಟರೆ, ಸಂಪ್ ಬರಿದಾದರೂ ಡಬ್ಬಿಗೆ ನೀರಿದ್ದ ಹಾಗೆ ಕಾಣುತ್ತದೆ; ನೀರು ಉಳಿಯುತ್ತದೆ, ಮೋಟರ್ ಉಳಿಯುವುದಿಲ್ಲ. ಒಣಗಿ ಓಡುವ ಪಂಪಿನಲ್ಲಿ ಮೊದಲು ಹೋಗುವುದು ಮೆಕ್ಯಾನಿಕಲ್ ಸೀಲ್ (ಶಾಫ್ಟ್ ಸುತ್ತ ನೀರು ಸೋರದಂತೆ ತಡೆಯುವ ಭಾಗ). ಆಮೇಲೆ ನೀರು ಶಾಫ್ಟ್ ಹಿಡಿದು ಬೇರಿಂಗ್ ಸೇರುತ್ತದೆ.

ಸಂಪಿನಲ್ಲಿ ಕಾಮನ್ ಸೆನ್ಸರ್ (ಕರೆಂಟಿನ ದಾರಿಗೆ ಇನ್ನೊಂದು ತುದಿಯಾಗುವ ಸೆನ್ಸರ್) ಎಲ್ಲಕ್ಕಿಂತ ಕೆಳಗಿರಲಿ. ಮೋಟರ್ ನಿಲ್ಲಿಸುವ ಕಟ್‌ಆಫ್ ಸೆನ್ಸರ್, ಫುಟ್‌ವಾಲ್ವ್ (ಸಕ್ಷನ್ ಪೈಪಿನ, ಅಂದರೆ ನೀರು ಹೀರುವ ಪೈಪಿನ ತುದಿಯಲ್ಲಿದ್ದು ನೀರು ಹಿಂದಿಳಿಯದಂತೆ ತಡೆಯುವ ಕವಾಟ) ಜಾಲರಿಗಿಂತ ಅರ್ಧ ಅಡಿಯಾದರೂ ಮೇಲಿರಬೇಕು, ಇಲ್ಲದಿದ್ದರೆ ಸುಳಿ ಎದ್ದು ಪಂಪ್ ಗಾಳಿ ಎಳೆಯುತ್ತದೆ. ಎರಡನ್ನೂ ಒಟ್ಟಿಗೆ ಟೇಪ್ ಸುತ್ತಿ ಇಳಿಬಿಡುವುದು ದೊಡ್ಡ ತಪ್ಪು. ನಡುವೆ ಲೋಳೆ ಕಟ್ಟಿದರೆ, ನೀರು ಇಳಿದ ಮೇಲೂ ಡಬ್ಬಿಗೆ ನೀರಿದ್ದ ಹಾಗೆಯೇ ಕಾಣುತ್ತದೆ.

ಬೋರ್‌ವೆಲ್ ನೀರಿನ ಸುಣ್ಣದ ಕಥೆ ಇದಕ್ಕೆ ಉಲ್ಟಾ. ಬಿಳಿ ಪದರ ಕರೆಂಟ್ ತಡೆಯುವುದರಿಂದ ನೀರಿದ್ದರೂ ಡಬ್ಬಿ ಇಲ್ಲವೆನ್ನುತ್ತದೆ. ಸಂಪಿನಲ್ಲಿ ಹೀಗಾದರೆ ಮೋಟರ್ ಸ್ಟಾರ್ಟ್ ಆಗುವುದಿಲ್ಲ ಅಷ್ಟೇ. ಟ್ಯಾಂಕಿನ ಮೇಲ್ತುದಿಯ ಸೆನ್ಸರ್‌ಗೆ ಆದರೆ ನೀರು ಉಕ್ಕಿ ಹರಿಯುತ್ತದೆ. ಹುಣಸೆಹುಳಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಪದರ ಬಿಡುತ್ತದೆ. ಸೆನ್ಸರ್‌ಗೆ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಕೊಡುವ ಅಗ್ಗದ ಡಬ್ಬಿಗಳಲ್ಲಿ ಒಂದು ಸೆನ್ಸರ್ ಬೇಗ ತಿಂದುಹೋಗುತ್ತದೆ. ಕೊಳ್ಳುವಾಗ ಎಸಿ ಸೆನ್ಸಿಂಗ್ ಇದೆಯೇ ಎಂದು ಕೇಳಿ.

ಗಡಸು ನೀರಿದ್ದ ಕಡೆ ಸಂಪಿಗೆ ಕೇಬಲ್ ಫ್ಲೋಟ್ ಸ್ವಿಚ್ಚೇ (ವೈರಿಗೆ ತೂಗಿ, ನೀರಿನ ಜೊತೆ ತೇಲಿ ಏರಿಳಿಯುವ ಸ್ವಿಚ್) ನಮ್ಮ ಆಯ್ಕೆ. ಸುಣ್ಣ ಅದಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಆದರೆ ಫ್ಲೋಟ್ ಏರಿಳಿಯುವಾಗ ಸಕ್ಷನ್ ಪೈಪಿಗೂ ಗೋಡೆಗೂ ತಾಗಬಾರದು. ಇಕ್ಕಟ್ಟಾದ ಸಂಪಿಗೆ ಇದು ಬೇಡ. ಮೂರು ವೈರ್‌ಗಳಲ್ಲಿ ಬಣ್ಣ ನಂಬದೆ, ಫ್ಲೋಟ್ ನೇತಾಡುವಾಗ ತೆರೆದಿದ್ದು, ತೇಲಿ ಮೇಲೆದ್ದಾಗ ಕೂಡುವ ಜೋಡಿಯನ್ನು ಮಲ್ಟಿಮೀಟರ್‌ನಲ್ಲಿ ನೋಡಿ ಆರಿಸಿ.

ಮೋಟರ್ ಸ್ಟಾರ್ಟ್ ಆಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಅದರಿಂದ ಡಬ್ಬಿಯ ರಿಲೇ (ಮೋಟರ್ ಆನ್-ಆಫ್ ಮಾಡುವ ಒಳಗಿನ ಸ್ವಿಚ್) ಅಂಟಿಕೊಂಡರೆ ಯಾವ ಸೆನ್ಸರ್ ಇದ್ದೂ ಪ್ರಯೋಜನವಿಲ್ಲ. ಒಂದೂವರೆ ಎಚ್‌ಪಿ ದಾಟಿದರೆ ನಡುವೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ಸ್ವಿಚ್) ಹಾಕಿಸಿ.

ಒಂದು ಕೊರತೆ ಮಾತ್ರ ಯಾವ ಲೆವೆಲ್ ಸೆನ್ಸರ್‌ನಿಂದಲೂ ತುಂಬದು. ಫುಟ್‌ವಾಲ್ವ್ ಸೋರಿ ಪೈಪ್ ಬರಿದಾದರೆ, ಸಂಪ್ ತುಂಬಿದ್ದರೂ ಪಂಪ್ ಒಣಗೇ ಓಡುತ್ತದೆ. ಅದಕ್ಕೇ ಮೋಟರ್ ಎಳೆಯುವ ಕರೆಂಟ್ ನೋಡಿ ನಿಲ್ಲಿಸುವ ಡ್ರೈ ರನ್ ಪ್ರೊಟೆಕ್ಷನ್ ಇರುವ ಡಬ್ಬಿಯನ್ನೇ ಕೊಳ್ಳಿ. ಬರೀ ಟೈಮರ್ ಇದ್ದರೆ ನಷ್ಟ ಸ್ವಲ್ಪ ತಗ್ಗುತ್ತದೆ: ಟ್ಯಾಂಕ್ ತುಂಬಲು 25 ನಿಮಿಷ ಹಿಡಿಯುವಲ್ಲಿ 35ಕ್ಕೆ ಇಡಿ.