ಪರ್ಸೆಪ್ಟ್ ಪಿಸಿ: ಮಿದುಳಿನ ಅಲೆಗೆ ಕಿವಿಗೊಡುವ ಡಿಬಿಎಸ್ ಯಂತ್ರ

ಮೆಡ್‌ಟ್ರಾನಿಕ್ ಕಂಪನಿಯ ಪರ್ಸೆಪ್ಟ್ ಪಿಸಿ ಬಂದದ್ದು 2020ರಲ್ಲಿ. ಇದು ಪಾರ್ಕಿನ್ಸನ್‌ನಂಥ ಚಲನೆಯ ಕಾಯಿಲೆಗೆ ಬಳಸುವ ಡಿಬಿಎಸ್ (ಡೀಪ್ ಬ್ರೇನ್ ಸ್ಟಿಮ್ಯುಲೇಷನ್) ಯಂತ್ರ, ಅಂದರೆ ಮಿದುಳಿನ ಆಳಕ್ಕೆ ಸಣ್ಣ ಕರೆಂಟು ಕೊಡುವಂಥದ್ದು. ಎದೆಯ ಚರ್ಮದಡಿ ಬ್ಯಾಟರಿ, ಕಿವಿಯ ಹಿಂದಿನಿಂದ ಇಳಿಯುವ ವೈರು, ಮಿದುಳಿನೊಳಗೆ ಎರಡು ಲೀಡು (ಕರೆಂಟು ಮುಟ್ಟಿಸುವ ತೆಳು ತಂತಿ): ಇಷ್ಟರಲ್ಲಿ ಹಳೆಯ ಯಂತ್ರಗಳ ಹಾಗೆಯೇ. ಹೊಸತೆಂದರೆ, ಕರೆಂಟು ಕೊಡುತ್ತಲೇ ಅದೇ ಲೀಡಿನ ಮೂಲಕ ಮಿದುಳಿನ ಅಲೆಗಳನ್ನೂ ದಾಖಲಿಸುತ್ತದೆ.

ಪಾರ್ಕಿನ್ಸನ್ ಇರುವ ಬಹಳ ಮಂದಿಯಲ್ಲಿ, ಚಲನೆ ನಿಯಂತ್ರಿಸುವ ಮಿದುಳಿನಾಳದ ಪುಟ್ಟ ಭಾಗವಾದ ಸಬ್‌ಥಾಲಮಿಕ್ ನ್ಯೂಕ್ಲಿಯಸ್‌ನಲ್ಲಿ 13ರಿಂದ 30 ಹರ್ಟ್ಸ್‌ನ ಬೀಟಾ ಅಲೆ ಎದ್ದು ಕಾಣುತ್ತದೆ. ಪಾರ್ಕಿನ್ಸನ್‌ನ ಮುಖ್ಯ ಔಷಧವಾದ ಲೆವೊಡೋಪಾ ಮಾತ್ರೆ ಹಿಡಿದಾಗ, ಕರೆಂಟು ಸರಿಯಾದ ಜಾಗಕ್ಕೆ ತಾಗಿದಾಗ ಅಲೆ ಇಳಿಯುತ್ತದೆ. ಬಿಗಿತ, ನಿಧಾನಗತಿ ಕೂಡ ಇಳಿಯುತ್ತವೆ. ಯಂತ್ರವು 10 ನಿಮಿಷದ ಸರಾಸರಿಗಳನ್ನು 60 ದಿನದವರೆಗೆ ಇಟ್ಟುಕೊಳ್ಳುತ್ತದೆ. ‘ಮಧ್ಯಾಹ್ನ ಮೂರರ ಹೊತ್ತಿಗೆ ಕಾಲು ಕಟ್ಟಿಹೋಗುತ್ತೆ ಡಾಕ್ಟ್ರೇ’ ಎಂಬ ಮಾತನ್ನು ಗ್ರಾಫ್‌ನ ಜೊತೆ ಇಟ್ಟು ನೋಡಬಹುದು. ಮಾತ್ರೆ ನುಂಗಿದ ಹೊತ್ತನ್ನು ರೋಗಿಯೇ ಫೋನಿನಂಥ ರಿಮೋಟಿನಲ್ಲಿ ಗುರುತು ಹಾಕುತ್ತ ಹೋದರೆ ಆ ಗ್ರಾಫ್‌ಗೆ ನಿಜವಾದ ಬೆಲೆ. ಗುರುತಿಲ್ಲದ ಗ್ರಾಫ್ ಬರೀ ಏರಿಳಿತ.

ಆದರೂ ಪ್ರೋಗ್ರಾಮಿಂಗ್, ಅಂದರೆ ಎಲ್ಲಿಗೆ ಎಷ್ಟು ಕರೆಂಟು ಎಂದು ಹೊಂದಿಸುವುದು, ವೈದ್ಯರ ಕೈಕೆಲಸವೇ. ಸಾಮಾನ್ಯವಾಗಿ ಸೆಕೆಂಡಿಗೆ 130 ಮಿಡಿತ (130 ಹರ್ಟ್ಸ್), ಪ್ರತಿ ಮಿಡಿತ 60 ಮೈಕ್ರೊಸೆಕೆಂಡು ಎಂದು ಆರಂಭಿಸಿ, ಲೀಡಿನ ತುದಿಯಲ್ಲಿ ಕರೆಂಟು ಹೊರಡುವ ಒಂದೊಂದು ಕಾಂಟ್ಯಾಕ್ಟ್‌ನಲ್ಲೂ ಅರ್ಧ ಮಿಲಿಆಂಪಿಯರ್‌ನಂತೆ ಏರಿಸುತ್ತ ಮಣಿಕಟ್ಟಿನ ಬಿಗಿತ ನೋಡಬೇಕು. ಬಿಗಿತ ಸೆಕೆಂಡುಗಳಲ್ಲಿ ಸಡಿಲವಾಗುತ್ತದೆ. ನಡಿಗೆಯ ಬದಲಾವಣೆಗೆ ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಅವಸರಪಟ್ಟು ಅದೇ ದಿನ ಕರೆಂಟು ಏರಿಸುತ್ತ ಹೋಗುವುದು ದೊಡ್ಡ ತಪ್ಪು. ಬಾಯಿ ಒಂದು ಕಡೆಗೆ ಎಳೆದರೆ, ಮಾತು ತೊದಲಿದರೆ ಕರೆಂಟು ಪಕ್ಕದ ನರತಂತುಗಳ ಕಟ್ಟಾದ ಇಂಟರ್ನಲ್ ಕ್ಯಾಪ್ಸೂಲ್‌ಗೆ ಹರಡಿದೆ ಎಂದು ತಿಳಿಯಬೇಕು.

ಕೊರತೆಗಳೂ ಇವೆ. ಅಲೆ ದಾಖಲಿಸಲು ಕರೆಂಟು ಕೊಡುವ ಕಾಂಟ್ಯಾಕ್ಟ್‌ನ ಮೇಲೊಂದು, ಕೆಳಗೊಂದು ಕಾಂಟ್ಯಾಕ್ಟ್ ಖಾಲಿ ಇರಬೇಕು. ಒಳ್ಳೆಯ ಫಲ ತುತ್ತತುದಿಯ ಕಾಂಟ್ಯಾಕ್ಟ್‌ನಲ್ಲೇ ಸಿಕ್ಕಿದರೆ ಈ ಸೌಲಭ್ಯ ಕೈಬಿಟ್ಟಂತೆಯೇ. ಆಗ ನಮ್ಮ ಆಯ್ಕೆ ನಡುಕ, ಬಿಗಿತ ಇಳಿಸುವ ಕಾಂಟ್ಯಾಕ್ಟೇ ಹೊರತು ಗ್ರಾಫ್ ಅಲ್ಲ. ಬ್ಯಾಟರಿ ಎಡ ಎದೆಯಲ್ಲಿದ್ದರೆ ಹೃದಯದ ವಿದ್ಯುತ್ ಬೆರೆತು ದಾಖಲೆ ಕೆಡುವ ಸಂಭವ ಹೆಚ್ಚು. ಬಲಗಡೆ ಕೂರಿಸುವ ಬಗ್ಗೆ ಆಪರೇಷನ್ನಿಗೆ ಮೊದಲೇ ಮಾತಾಡಿ.

ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲೂ ನಿಲ್ಲದ ಸಮತೋಲ ತಪ್ಪುವಿಕೆಗೆ, ಮಾತಿನ ಕ್ಷೀಣತೆಗೆ ಈ ಯಂತ್ರದಿಂದ ಹೆಚ್ಚು ನಿರೀಕ್ಷಿಸಬೇಡಿ. ಆಪರೇಷನ್ನಿಗೆ ಮೊದಲು ಮಾತ್ರೆ ಕೊಟ್ಟು ನೋಡುವ ಲೆವೊಡೋಪಾ ಪರೀಕ್ಷೆಯಲ್ಲಿ ಚಲನೆಯ ಅಂಕ ಸುಮಾರು ಮೂರನೇ ಒಂದು ಭಾಗವಾದರೂ ಸುಧಾರಿಸಬೇಕು ಎಂಬ ಹಳೆಯ ನಿಯಮ ಇದಕ್ಕೂ ಅನ್ವಯ. ನಡುಕವೊಂದು ಇದಕ್ಕೆ ಅಪವಾದ: ಮಾತ್ರೆಗೆ ಜಗ್ಗದ ನಡುಕವೂ ಕರೆಂಟಿಗೆ ಇಳಿಯುವುದುಂಟು.

ಪಿಸಿ ರೀಚಾರ್ಜ್ ಆಗದು, ಕೆಲವು ವರ್ಷಗಳಿಗೊಮ್ಮೆ ಎದೆ ಕೊಯ್ದು ಬದಲಿಸಬೇಕು. ಬ್ಯಾಟರಿಯ ಮಟ್ಟವನ್ನು ರಿಮೋಟಿನಲ್ಲಿ ನೋಡುತ್ತಿರಿ. ತಟ್ಟನೆ ನಿಂತರೆ ಬಿಗಿತ ಜೋರಾಗಿ ಮರಳಿ, ಆಸ್ಪತ್ರೆಗೆ ಓಡಬೇಕಾದೀತು. ಇನ್ನೊಂದು ಮಾತು: ಮೊಣಕಾಲು ನೋವಿಗೆಂದು ಫಿಸಿಯೊಥೆರಪಿಗೆ ಹೋದಾಗ ಡಯಾಥರ್ಮಿ ಶಾಖ ಬೇಡವೇ ಬೇಡ. ಅದು ಲೀಡನ್ನು ಕಾಯಿಸಿ ಮಿದುಳನ್ನು ಸುಡಬಲ್ಲದು.