13 ಶಿಲ್ಲಿಂಗ್ 10 ಪೆನ್ಸಿನ ಜಗಳ: ಹೆನ್ರಿ ಫೀಲ್ಡಿಂಗ್‌ನ ಕೊನೆಯ ಪುಸ್ತಕ

ಪುಸ್ತಕ ಚಿಕ್ಕದು, ಅಕ್ಷರ ಇನ್ನೂ ಚಿಕ್ಕದು. ಕನ್ನಡಕ ಹಾಕುವವರಿಗೆ ಇದು ಮೊದಲೇ ಗೊತ್ತಿರಲಿ. ಇಂಗ್ಲಿಷ್ ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್ 1754ರಲ್ಲಿ, ಕಾಯಿಲೆ ವಾಸಿಯಾಗಲಿ ಅಂತ, ಲಂಡನ್ನಿನಿಂದ ಪೋರ್ಚುಗಲ್ಲಿನ ಲಿಸ್ಬನ್ನಿಗೆ ಹಡಗಿನಲ್ಲಿ ಹೋಗುವಾಗ ಬರೆದ ದಿನಚರಿ ಇದು. ಹೆಸರು ‘ದಿ ಜರ್ನಲ್ ಆಫ್ ಎ ವಾಯೇಜ್ ಟು ಲಿಸ್ಬನ್’. ನಾನು ತಗೊಂಡದ್ದು ಪೇಪರ್‌ಬ್ಯಾಕ್. ಮುಂದೆ ಉದ್ದನೆಯ ಮುನ್ನುಡಿ, ಹಿಂದೆ ಟಿಪ್ಪಣಿಗಳು. ಬೈಂಡಿಂಗ್ ಬಿಗಿ, ಒಳಗಿನ ಅಂಚು ಕಡಿಮೆ. ಹೆಬ್ಬೆರಳಿನಿಂದ ಒತ್ತಿ ಹಿಡಿಯದಿದ್ದರೆ ಸಾಲಿನ ಕೊನೆಯ ಪದ ಮಡಿಕೆಯೊಳಗೆ ಹೋಗಿಬಿಡುತ್ತದೆ. ಪ್ರಕಾಶಕರ ಹೆಸರು ಬೇಡ, ಅವರ ಕೆಲಸದಲ್ಲಿ ಒಳ್ಳೆಯದೂ ಇದೆ, ಮುಂದೆ ಹೇಳುತ್ತೇನೆ.

ನಾನು ಬಹಳ ವರ್ಷ ಹೋಟೆಲಿನ ರಿಸೆಪ್ಷನ್‌ನಲ್ಲಿ ಕೂತವಳು. ಬಿಲ್ಲು ಹರಿದು ಕೊಟ್ಟವಳು, ಬೈಸಿಕೊಂಡವಳು. ಹಾಗಾಗಿ ಈ ಪುಸ್ತಕವನ್ನು ಸಾಹಿತ್ಯದ ಮೇಷ್ಟ್ರು ಓದುವ ಹಾಗೆ ನಾನು ಓದಲಿಲ್ಲ. ಇದರ ಅರ್ಧ ಭಾಗ ಗಿರಾಕಿಯ ಕಂಪ್ಲೇಂಟು. ಹಡಗು ಸರಿ ಇಲ್ಲ, ಕ್ಯಾಪ್ಟನ್ ಸರಿ ಇಲ್ಲ, ದೋಣಿಯವರು ಸುಲಿಯುತ್ತಾರೆ, ಲಾಡ್ಜಿನ ಒಡತಿ ಅಂತೂ ಕೇಳಲೇಬೇಡಿ. ಇಂಗ್ಲೆಂಡಿನ ಅತಿ ಚೂಪು ನಾಲಿಗೆಯ ಬರಹಗಾರ ಬರೆದ ಕಂಪ್ಲೇಂಟು ಅನ್ನುವುದೇ ಇದರ ರುಚಿ.

ಆ ನಾಲಿಗೆಯಿಂದ ಅವನು ಮೊದಲೇ ಒಂದು ಕೆಲಸ ಕಳೆದುಕೊಂಡಿದ್ದ. ಫೀಲ್ಡಿಂಗ್ ಹುಟ್ಟಿದ್ದು 1707ರಲ್ಲಿ, ಸಾಮರ್‌ಸೆಟ್‌ನಲ್ಲಿ. ಓದಿದ್ದು ಈಟನ್‌ನಲ್ಲಿ. ಇಪ್ಪತ್ತರ ಹರೆಯದಲ್ಲೇ ಲಂಡನ್ನಿನ ರಂಗಮಂದಿರಗಳಿಗೆ ನಾಟಕ ಬರೆಯಲು ಶುರು ಮಾಡಿದ. ಪ್ರಧಾನಿ ವಾಲ್‌ಪೋಲ್ ಸರ್ಕಾರವನ್ನು ವೇದಿಕೆಯ ಮೇಲೇ ಆಡಿಕೊಂಡ. 1737ರಲ್ಲಿ ಲೈಸೆನ್ಸಿಂಗ್ ಕಾಯ್ದೆ ಬಂತು. ಅಲ್ಲಿಂದಾಚೆ ಸರ್ಕಾರದ ಒಪ್ಪಿಗೆ ಇಲ್ಲದೆ ನಾಟಕ ಆಡುವಂತಿರಲಿಲ್ಲ. ಅವನ ಬಾಯಿ ಮುಚ್ಚಿಸಬೇಕು ಅನ್ನುವುದೂ ಆ ಕಾಯ್ದೆಯ ಹಿಂದಿನ ಒಂದು ಕಾರಣ. ಅವನು ಸುಮ್ನೆ ಕೂರಲಿಲ್ಲ. ಕಾನೂನು ಓದಿ ವಕೀಲನಾದ. ಸ್ಯಾಮುಯೆಲ್ ರಿಚರ್ಡ್‌ಸನ್‌ನ ‘ಪಮೇಲಾ’ ಕಾದಂಬರಿಗೆ ಊರೆಲ್ಲ ಕಣ್ಣೀರಿಡುತ್ತಿದ್ದಾಗ, ಅದನ್ನು ಗೇಲಿ ಮಾಡಿ 1741ರಲ್ಲಿ ‘ಶಮೇಲಾ’ ಬರೆದ. ಮರುವರ್ಷ ‘ಜೋಸೆಫ್ ಆಂಡ್ರೂಸ್’, 1749ರಲ್ಲಿ ‘ಟಾಮ್ ಜೋನ್ಸ್’.

ಈ ಎರಡೂ ಕಾದಂಬರಿಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ದಾರಿಬದಿಯ ಇನ್ನುಗಳು, ಅಂದರೆ ಪ್ರಯಾಣಿಕರು ಉಂಡು ಮಲಗುವ ಮನೆಗಳು. ಜೋಸೆಫ್‌ನನ್ನು ಕಳ್ಳರು ಬಡಿದು, ಬಟ್ಟೆ ಕಿತ್ತು, ಚರಂಡಿಗೆ ಎಸೆದಿರುತ್ತಾರೆ. ಅವನನ್ನು ಒಂದು ಇನ್ನಿಗೆ ತಂದಾಗ ಯಜಮಾನ ತನ್ನದೊಂದು ಅಂಗಿ ಕೊಡೋಣ ಅನ್ನುತ್ತಾನೆ. ಹೆಂಡತಿ ಮಿಸೆಸ್ ಟೌ-ವೌಸ್ ಹಾರಿಬೀಳುತ್ತಾಳೆ. ಕಾಸಿಲ್ಲದವನಿಗೆ ಅಂಗಿ ಯಾಕೆ ಅಂತ. ಆಮೇಲೆ ಅವನಿಗೆ ದೊಡ್ಡವರ ಪರಿಚಯ ಇದೆ ಅಂತ ಗುಮಾನಿ ಬಂದದ್ದೇ ತಡ, ಅವಳ ದನಿ ಬದಲಾಗುತ್ತದೆ. ‘ಟಾಮ್ ಜೋನ್ಸ್’ನ ಹದಿನೆಂಟು ಭಾಗಗಳ ನಟ್ಟನಡುವೆ ಅಪ್ಟನ್ ಅನ್ನುವ ಊರಿನ ಇನ್ನು ಇದೆ. ಕಥೆಯ ಎಲ್ಲ ಎಳೆಗಳೂ ಒಂದೇ ರಾತ್ರಿ ಅಲ್ಲಿ ಸಿಕ್ಕುಹಾಕಿಕೊಳ್ಳುತ್ತವೆ. ರಿಸೆಪ್ಷನ್‌ನಲ್ಲಿ ಕೂತವರಿಗೆ ಅಂಥ ರಾತ್ರಿ ಹೊಸದಲ್ಲ ಬಿಡಿ.

ಲಿಸ್ಬನ್ ದಿನಚರಿಯಲ್ಲಿ ಕಟ್ಟುಕಥೆ ಇಲ್ಲ. ಈ ಸಲ ಇನ್ನಿನಲ್ಲಿ ಸಿಕ್ಕಿಕೊಂಡವನು ಬರಹಗಾರನೇ.

ಹೊರಟ ಹೊತ್ತಿಗೆ ಅವನಿಗೆ 47. ಗೌಟು ಅನ್ನುವ ಕೀಲುನೋವು, ಉಬ್ಬಸ, ಜಲೋದರ. ವೈದ್ಯರು ಹೊಟ್ಟೆಯಿಂದ ನೀರು ತೆಗೆಯುತ್ತಿದ್ದರು. ಒಂದು ಸಲ ತೆಗೆದದ್ದು 14 ಕ್ವಾರ್ಟು, ಅಂದರೆ ಸುಮಾರು 13 ಲೀಟರ್. ಅಷ್ಟು ಹದಗೆಟ್ಟದ್ದು ಹೇಗೆ ಅಂತ ಶುರುವಿನಲ್ಲೇ ಹೇಳುತ್ತಾನೆ. ಅವನಾಗ ಲಂಡನ್ನಿನ ಬೋ ಸ್ಟ್ರೀಟ್‌ನಲ್ಲಿ ಮ್ಯಾಜಿಸ್ಟ್ರೇಟ್. 1753ರಲ್ಲಿ ಊರಲ್ಲಿ ಕೊಲೆ, ಸುಲಿಗೆ ಮಿತಿಮೀರಿತ್ತು. ಅವನು ಬಾತ್ ಊರಿಗೆ ಚಿಕಿತ್ಸೆಗೆ ಹೊರಡುವುದರಲ್ಲಿದ್ದ. ಅಷ್ಟರಲ್ಲಿ ಸರ್ಕಾರದ ಮಂತ್ರಿ ನ್ಯೂಕಾಸಲ್ ಡ್ಯೂಕ್‌ನಿಂದ ಕರೆ ಬಂತು, ಇದಕ್ಕೊಂದು ದಾರಿ ಹುಡುಕು ಅಂತ. ಫೀಲ್ಡಿಂಗ್ ಆ ಕೆಲಸಕ್ಕೆ 600 ಪೌಂಡ್ ಕೇಳಿದ, ಮೊದಲು 200 ಕೈಗೆ ಬಂತು. ಕೆಲವೇ ದಿನಗಳಲ್ಲಿ ಕೊಲೆಗಡುಕರ ಗ್ಯಾಂಗು ಚದುರಿಹೋಯಿತು. ಬಾತ್‌ಗೆ ಹೋಗುವ ಹೊತ್ತೂ ಮೀರಿತು.

ಅದೇ ಜಾಗದಲ್ಲಿ ದುಡ್ಡಿನ ಲೆಕ್ಕವನ್ನೂ ಬಿಚ್ಚಿಡುತ್ತಾನೆ. ಆ ಹುದ್ದೆಯಿಂದ ವರ್ಷಕ್ಕೆ 500 ಪೌಂಡ್ ಬರುತ್ತಿತ್ತಂತೆ, ಭೂಮಿಯ ಮೇಲಿನ ಅತಿ ಕೊಳಕು ದುಡ್ಡು ಅದು ಅನ್ನುತ್ತಾನೆ. ಬಡವರನ್ನು ಜಗಳಕ್ಕೆ ಹಚ್ಚದೆ, ಇದ್ದ ಒಂದು ಶಿಲ್ಲಿಂಗನ್ನೂ ಕೀಳದೆ ಕೆಲಸ ಮಾಡಿದ್ದಕ್ಕೆ ಅದು 300ರ ಆಸುಪಾಸಿಗೆ ಇಳಿಯಿತು. ಅದರಲ್ಲೂ ಗುಮಾಸ್ತನ ಪಾಲು ದೊಡ್ಡದು. ಸಾಯುವ ಹೊತ್ತಿನಲ್ಲಿ ಕೂತು ಇದನ್ನು ಬರೆಯಬೇಕಾದರೆ ಅವನಿಗೆ ಎಷ್ಟು ಉರಿದಿರಬೇಕು.

ಜೂನ್ 26ರ ಬೆಳಗಿನ ಪುಟ ಚಿಕ್ಕದು. ಫೋರ್ಡ್‌ಹುಕ್‌ನ ಮನೆಯಲ್ಲಿ ನಿದ್ದೆ ಬಾರದೆ ಎದ್ದಿದ್ದಾನೆ. ಬಿಟ್ಟುಹೋಗಬೇಕಾದ ಮಕ್ಕಳ ಜೊತೆ ಎಂಟು ಗಂಟೆ ಕಳೆಯುತ್ತಾನೆ. ಹನ್ನೆರಡಕ್ಕೆ ಗಾಡಿ ಬಂತು ಅನ್ನುತ್ತಾರೆ. ಮುತ್ತು ಕೊಟ್ಟು ಹೊರಟ. ಅಷ್ಟೇ. ಇಷ್ಟು ಗಟ್ಟಿಯಾಗಿ ಬರೆಯುವವನು ಒಂದು ಪುಟ ಆದಮೇಲೆ ದೋಣಿಯವರ ಮೇಲೆ ಕೂಗಾಡಲು ಶುರು ಮಾಡುತ್ತಾನೆ! ಕಾರಣವೂ ಇದೆ. ಕೈಕಾಲು ಆಡದ ಅವನನ್ನು ಕುರ್ಚಿಯಲ್ಲಿ ಕೂರಿಸಿ, ರಾಟೆ ಹಗ್ಗದಿಂದ ಹಡಗಿಗೆ ಎತ್ತಿದರು. ಅಲ್ಲಿಗೆ ಬರುವ ದಾರಿಯಲ್ಲಿ ಸಾಲಾಗಿ ನಿಂತ ನಾವಿಕರು ಅವನ ಊದಿದ ಮೈ ನೋಡಿ ನಕ್ಕರು.

ಆಮೇಲೆ ಹಡಗು ಹೊರಡಲೇ ಇಲ್ಲ. ಇವತ್ತು, ನಾಳೆ ಅನ್ನುತ್ತಾ ಕ್ಯಾಪ್ಟನ್ ದಿನ ತಳ್ಳಿದ. ಹೊರಟ ಮೇಲೂ ಗಾಳಿ ಇಲ್ಲ. ಲಿಸ್ಬನ್ ಮುಟ್ಟಿದ್ದು ಆಗಸ್ಟ್ 7ಕ್ಕೆ. ನಡುವಿನ ಬಹುಪಾಲು ದಿನ ಇಂಗ್ಲೆಂಡಿನ ದಡದ ಪಕ್ಕದಲ್ಲೇ ತೇಲುತ್ತಾ ಕಳೆಯಿತು. ಹಾಗಾಗಿ ಲಿಸ್ಬನ್ ಬಗ್ಗೆ ತಿಳಿಯಲು ಈ ಪುಸ್ತಕ ಕೊಂಡರೆ ದುಡ್ಡು ದಂಡ. ಊರು ಬರುವುದು ಕೊನೆಯ ಪುಟಗಳಲ್ಲಿ, ಅದೂ ಬೈಗುಳದ ಜೊತೆ.

ಈ ಕ್ಯಾಪ್ಟನ್ ಪುಸ್ತಕದ ಜೀವ. ರಿಚರ್ಡ್ ವೀಲ್ ಅನ್ನುವ ಮುದುಕ, ‘ಕ್ವೀನ್ ಆಫ್ ಪೋರ್ಚುಗಲ್’ ಹಡಗಿನವನು. ಹಿಂದೆ ಯುದ್ಧದ ಹೊತ್ತಿನಲ್ಲಿ ಶತ್ರು ಹಡಗುಗಳನ್ನು ದೋಚುತ್ತಿದ್ದವನು. ಕಿವಿ ಮಂದ, ಗಂಟಲು ಜೋರು. ಕ್ಯಾಬಿನ್ ಯಾರದ್ದು ಅಂತ ಒಂದು ದಿನ ಜಗಳ ಆಗುತ್ತದೆ. ನಿನ್ನ 30 ಪೌಂಡಿಗೆ ಹಡಗಿನ ಯಜಮಾನಿಕೆ ಮಾರಿಕೊಂಡೆ ಅಂದುಕೊಂಡೆಯಾ ಅಂತ ಕ್ಯಾಪ್ಟನ್ ಕಿರುಚುತ್ತಾನೆ. ಫೀಲ್ಡಿಂಗ್ ಇಳಿದು ಹೋಗುತ್ತೇನೆ, ಕೋರ್ಟಿಗೆ ಎಳೆಯುತ್ತೇನೆ ಅನ್ನುತ್ತಾನೆ. ಕೋರ್ಟು ಅಂದದ್ದೇ ತಡ, ಅಷ್ಟು ದೊಡ್ಡ ಗಂಡಾಳು ಮೊಣಕಾಲೂರಿ ಬೇಡಿಕೊಂಡ. ಫೀಲ್ಡಿಂಗ್ ಕ್ಷಮಿಸಿದ. ಯಾಕೆ? ದೊಡ್ಡ ಮನಸ್ಸಿನಿಂದ ಅಲ್ಲ, ಕ್ಷಮಿಸುವುದೇ ನನಗೆ ಅನುಕೂಲವಾಗಿತ್ತು ಅಂತ ಅವನೇ ಬರೆದಿದ್ದಾನೆ. ಈ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗೀಟು ಹಾಕಿದೆ. ಎಷ್ಟೋ ಗಿರಾಕಿಗಳನ್ನು ನಾನು ಕ್ಷಮಿಸಿದ್ದೂ ಇದೇ ಕಾರಣಕ್ಕೆ.

ಇದೇ ಕ್ಯಾಪ್ಟನ್ ಬೆಕ್ಕಿನ ಮರಿ ವಿಷಯದಲ್ಲಿ ಬೇರೆಯೇ ಮನುಷ್ಯ. ಕ್ಯಾಬಿನ್ನಿನಲ್ಲಿದ್ದ ನಾಲ್ಕು ಬೆಕ್ಕುಗಳಲ್ಲಿ ಒಂದು ಮರಿ ಕಿಟಕಿಯಿಂದ ಸಮುದ್ರಕ್ಕೆ ಬಿತ್ತು. ಹಡಗು ನಿಧಾನ ಮಾಡಿ ಅಂತ ಕೂಗು ಹಾಕಿದ. ಒಬ್ಬ ನಾವಿಕ ಬಟ್ಟೆ ಕಳಚಿ ನೀರಿಗೆ ಹಾರಿದ, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದ. ಸತ್ತಂತಿದ್ದ ಅದು ಕಣ್ಣು ಬಿಟ್ಟಿತು. ಆದರೆ ಕೆಲವು ನಾವಿಕರಿಗೆ ಇದು ಖುಷಿ ತರಲಿಲ್ಲ. ಬೆಕ್ಕು ಮುಳುಗಿ ಸತ್ತರೆ ಗಾಳಿ ಬರುತ್ತದೆ ಅನ್ನುವುದು ಅವರ ನಂಬಿಕೆ. ಕೆಲವು ಪುಟ ಆದಮೇಲೆ ಅದೇ ಮರಿ ಕ್ಯಾಬಿನ್ನಿನ ಹಾಸಿಗೆಯ ಕೆಳಗೆ ಉಸಿರುಕಟ್ಟಿ ಸತ್ತದ್ದು ಕಂಡಾಗ ಕ್ಯಾಪ್ಟನ್ ಮತ್ತೆ ಗೋಳಾಡುತ್ತಾನೆ. ನಗಬೇಕೋ ಬೇಡವೋ ಅಂತ ಫೀಲ್ಡಿಂಗ್ ಎಲ್ಲೂ ಹೇಳುವುದಿಲ್ಲ.

ಇನ್ನು ನನ್ನ ಜಗಳ. ಗಾಳಿ ಇಲ್ಲದೆ ಹಡಗು ಐಲ್ ಆಫ್ ವೈಟ್ ದ್ವೀಪದ ರೈಡ್ ಅನ್ನುವ ಹಳ್ಳಿಯ ಎದುರು ನಿಂತಿತು. ಕೆಸರು ದಾಟಿಸಿ ಇವರನ್ನು ದಡಕ್ಕೆ ತಂದರು. ಅಲ್ಲಿ ಮಿಸೆಸ್ ಫ್ರಾನ್ಸಿಸ್‌ಳ ಮನೆ. ಆಕೆಯ ಮುಖದ ಬಣ್ಣ ನೋಡಿದರೆ ಹಾಲು ಒಡೆಯಬೇಕು ಅನ್ನುವ ಹಾಗೆ ಬರೆದಿದ್ದಾನೆ. ಗಂಡ ಮೆತ್ತಗಿನ ರೈತ. ಏನು ಕೇಳಿದರೂ ನನಗೆ ಗೊತ್ತಿಲ್ಲ ಸ್ವಾಮಿ, ಅದೆಲ್ಲ ಹೆಂಡತಿಗೆ ಬಿಟ್ಟಿದ್ದೇನೆ ಅನ್ನುತ್ತಾನೆ. ಅತಿಥಿಗಳು ಬರುತ್ತಾರೆ ಅಂತ ಆಕೆ ಮನೆಯನ್ನೆಲ್ಲ ತೊಳೆದಿದ್ದಳು. ನೆಲ ಹಸಿ. ಜಲೋದರದ ರೋಗಿಗೆ ಅದು ಆಗದು. ಕೊನೆಗೆ ಫೀಲ್ಡಿಂಗ್‌ನ ಹೆಂಡತಿ ಪಕ್ಕದ ಒಣ ಕಣಜದಲ್ಲಿ ಊಟದ ಏರ್ಪಾಡು ಮಾಡಿದಳು. ಒಂದು ಬದಿ ಹಸಿರು ಹೊಲಕ್ಕೆ ತೆರೆದಿತ್ತು. ಲಂಡನ್ನಿನ ಶ್ರೀಮಂತರ ಕ್ಲಬ್ಬಿನಲ್ಲೂ ಇಂಥ ಊಟ ಆಗಿಲ್ಲ ಅಂತ ಅವನು ಹಿಗ್ಗುತ್ತಾನೆ. ಆ ಪುಟ ಓದುವಾಗ ನಮಗೂ ಹಸಿವಾಗುತ್ತದೆ.

ಆಮೇಲೆ ಬಂತು ಬಿಲ್ಲು. ಅದನ್ನು ಸಾಲು ಸಾಲಾಗಿ ಪುಸ್ತಕದಲ್ಲಿ ಇಳಿಸಿದ್ದಾನೆ. ಬ್ರೆಡ್ಡು ಬಿಯರಿಗೆ 2 ಶಿಲ್ಲಿಂಗ್ 4 ಪೆನ್ಸ್. ವೈನಿಗೆ 2 ಶಿಲ್ಲಿಂಗ್, ರಮ್ಮಿಗೆ 2. ಅಡುಗೆ ಮಾಡಿಕೊಟ್ಟದ್ದಕ್ಕೆ 3. ಚಹಾಕ್ಕೆ ಒಂದೂವರೆ, ಸೌದೆಗೆ 1, ರೂಮಿಗೆ ಒಂದೂವರೆ, ಆಳುಗಳ ಮಲಗುವ ಜಾಗಕ್ಕೆ 6 ಪೆನ್ಸ್. ಆಗ 12 ಪೆನ್ಸಿಗೆ ಒಂದು ಶಿಲ್ಲಿಂಗ್. ಒಟ್ಟು 13 ಶಿಲ್ಲಿಂಗ್ 10 ಪೆನ್ಸ್. ನಾನು ಕೂಡಿಸಿ ನೋಡಿದೆ, ಲೆಕ್ಕ ಸರಿ ಇದೆ.

ಫೀಲ್ಡಿಂಗ್‌ಗೆ ಇದು ಹಗಲುದರೋಡೆ. ನನಗೆ ಹಾಗೆ ಕಾಣಲಿಲ್ಲ. ಬಿಲ್ಲಿನಲ್ಲಿ ಮಾಂಸ ಮೀನಿನ ಬಾಬತ್ತೇ ಇಲ್ಲ ನೋಡಿ. ಅಂದರೆ ಅದರ ಮೇಲೆ ಆಕೆಗೆ ಕಾಸು ಹುಟ್ಟಿಲ್ಲ. ಒಲೆ ಆಕೆಯದ್ದು, ಪಾತ್ರೆ ತೊಳೆಯುವ ಕೈ ಆಕೆಯದ್ದು. ಹೊರಗಿನ ಸಾಮಾನು ತಂದು ಬೇಯಿಸಿಕೊಡಿ ಅನ್ನುವ ಗಿರಾಕಿಗೆ ಯಾವ ಹೋಟೆಲಾದರೂ ಅಡುಗೆ ಚಾರ್ಜನ್ನೇ ಏರಿಸಬೇಕು. ರೂಮಿಗೆ ಹಾಕಿದ್ದರ ಎರಡರಷ್ಟು ಅಡುಗೆಗೆ ಹಾಕಿದ್ದಾಳೆ, ಸರಿಯಾಗೇ ಹಾಕಿದ್ದಾಳೆ. ಹಡಗಿನಿಂದ ಬಂದಿಳಿದ ರೋಗಿ, ಹೆಂಡತಿ, ಮಗಳು, ಗೆಳತಿ, ಆಳುಕಾಳು. ಗಾಳಿ ಬೀಸಿದ ಕ್ಷಣ ಎದ್ದು ಹೋಗುವ ಜನ. ತೊಳೆದು ಬಳಿದ ನೆಲವನ್ನೂ ತಪ್ಪು ಅಂತ ಬರೆದವನಿಗೆ ಏನು ಮಾಡಿದರೆ ಸಮಾಧಾನ ಆದೀತು? ಮಿಸೆಸ್ ಟೌ-ವೌಸ್‌ಳನ್ನು ಕಾದಂಬರಿಯಲ್ಲಿ ಬೈದಾಗ ನಾನೂ ನಕ್ಕಿದ್ದೆ, ಅಲ್ಲಿ ಬೈಗುಳಕ್ಕೆ ಕಾರಣ ಇತ್ತು. ಇಲ್ಲಿ ಬರಹಗಾರನ ಮೈ ನೋಯುತ್ತಿದೆ, ಸಿಕ್ಕಿದ್ದು ಈ ಹೆಂಗಸು. ಆಕೆಗೆ ಪುಸ್ತಕ ಬರೆದು ಉತ್ತರ ಕೊಡಲು ಆಗಲಿಲ್ಲ ಅಷ್ಟೇ.

ಹಾಗಂತ ಪುಸ್ತಕ ಬಿಡಿ ಅನ್ನುತ್ತಿಲ್ಲ. ಬಿಸ್ಕೇ ಕೊಲ್ಲಿಯ ಹತ್ತಿರ ಒಂದು ಸಂಜೆ ಮೋಡವಿಲ್ಲದ ಆಕಾಶದಲ್ಲಿ ಸೂರ್ಯ ಮುಳುಗಿ, ಎದುರಿಗೆ ಚಂದ್ರ ಏಳುವುದನ್ನು ಬರೆದ ಪ್ಯಾರಾ ಇದೆ. ಆ ಒಂದು ಸಲ ಅವನಿಗೆ ಯಾರ ಮೇಲೂ ದೂರಿಲ್ಲ. ಲಿಸ್ಬನ್ನಿನಲ್ಲಿ ಇಳಿದು ಮಾಡಿದ ಮೊದಲ ಊಟದ ಬಿಲ್ಲನ್ನಂತೂ ಇಂಗ್ಲೆಂಡಿನ ಬಾತ್ ರಸ್ತೆಯ ಬಿಲ್ಲುಗಳಿಗೆ ಹೋಲಿಸಿ ದಿನಚರಿ ಮುಗಿಸುತ್ತಾನೆ. ಎರಡು ತಿಂಗಳಲ್ಲಿ, ಅಕ್ಟೋಬರ್ 8ರಂದು, ಅಲ್ಲೇ ಸತ್ತ. ಇಂಗ್ಲಿಷರ ಸ್ಮಶಾನದಲ್ಲಿ ಹೂತರು.

ಉಚಿತವಾಗಿ ಸಿಗುವ ಇ-ಪುಸ್ತಕವನ್ನೂ ನೋಡಿದೆ. ಟಿಪ್ಪಣಿ ಇಲ್ಲದೆ ಕಷ್ಟ. ಆ ಕಾಲದ ರಾಜಕಾರಣಿ, ವೈದ್ಯ, ಕಾಯ್ದೆ ಎಲ್ಲ ಹೆಸರು ಹೇಳಿಕೊಂಡು ಬಂದು ಹೋಗುತ್ತವೆ. ಈ ಪೇಪರ್‌ಬ್ಯಾಕಿನ ಟಿಪ್ಪಣಿಗಳು ಚೆನ್ನಾಗಿವೆ, ಆದರೆ ಎಲ್ಲವೂ ಹಿಂದೆ ಇವೆ. ಎರಡು ಕಡೆ ಬೆರಳಿಟ್ಟು ಓದಬೇಕು. ಪ್ರಯಾಣದ ಒಂದು ಭೂಪಟ ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಫೀಲ್ಡಿಂಗ್‌ನನ್ನು ಓದೇ ಇಲ್ಲದವರು ‘ಜೋಸೆಫ್ ಆಂಡ್ರೂಸ್’ ಮೊದಲು ಓದಿ, ಆಮೇಲೆ ಇದು.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. 1755ರಲ್ಲಿ ಈ ಪುಸ್ತಕದ ಎರಡು ಪಠ್ಯ ಅಚ್ಚಾದವು. ಹೆಂಡತಿ ಮಕ್ಕಳ ನೆರವಿಗೆ ಅಂತ ಮೊದಲು ಮಾರಾಟಕ್ಕೆ ಬಂದದ್ದು ಕತ್ತರಿ ಹಾಕಿದ ಪಠ್ಯ. ಅದರಲ್ಲಿ ಕ್ಯಾಪ್ಟನ್‌ನ ಅಬ್ಬರ ತಗ್ಗಿದೆ, ಲಾಡ್ಜಿನ ಒಡತಿಗೆ ಮಿಸೆಸ್ ಹಂಫ್ರೀಸ್ ಅಂತ ಬೇರೆ ಹೆಸರಿದೆ. ಅದೇ ವರ್ಷ ನವೆಂಬರಿನಲ್ಲಿ ಲಿಸ್ಬನ್ ಭೂಕಂಪ ಆದಮೇಲೆ ಪೂರ್ತಿ ಪಠ್ಯ ಹೊರಗೆ ಬಂತು. ಅಂಗಡಿಯಲ್ಲಿ ನಿಂತು ರೈಡ್ ಹಳ್ಳಿಯ ಪುಟ ತೆಗೆಯಿರಿ. ಹಂಫ್ರೀಸ್ ಅಂತ ಇದ್ದರೆ ವಾಪಸ್ ಇಡಿ, ಫ್ರಾನ್ಸಿಸ್ ಅಂತ ಇದ್ದರೆ ತಗೊಳ್ಳಿ.