ಹೊಸ ಆರಂಭಕ್ಕೊಂದು ತರಬೇತಿ: ಒಂದು ವಿಮರ್ಶೆ

ಉದ್ಯೋಗ ಬದಲಿಸುವವರಿಗೂ ಬದುಕಿನ ಹೊಸ ಘಟ್ಟಕ್ಕೆ ಕಾಲಿಡುವವರಿಗೂ ರೂಪಿಸಿರುವ ಈ ಆನ್‌ಲೈನ್ ತರಬೇತಿಯ ನಿಜವಾದ ಬಲವಿರುವುದು ಅದರ ಎರಡನೆಯ ಭಾಗದಲ್ಲಿ. ಬದಲಾವಣೆ ಹೊರಗೆ ಒಂದೇ ದಿನದಲ್ಲಿ ನಡೆದುಹೋದರೂ, ಮನಸ್ಸು ಅದಕ್ಕೆ ಒಗ್ಗಿಕೊಳ್ಳಲು ಮುಕ್ತಾಯ, ನಡುವಿನ ಅನಿಶ್ಚಿತತೆ, ಹೊಸ ಆರಂಭ ಎಂಬ ಮೂರು ಹಂತಗಳನ್ನು ದಾಟಬೇಕಾಗುತ್ತದೆ ಎಂಬ ಅಮೆರಿಕದ ಲೇಖಕ ವಿಲಿಯಂ ಬ್ರಿಡ್ಜಸ್ ಅವರ ವಿವರಣೆಯನ್ನು ಆಧರಿಸಿ, ಹಳೆಯದನ್ನು ಗೌರವದಿಂದ ಬೀಳ್ಕೊಡುವ ಬಗೆಯನ್ನು ಅದು ತಾಳ್ಮೆಯಿಂದ ಕಲಿಸುತ್ತದೆ. ಬಿಟ್ಟುಬಂದ ಹುದ್ದೆಯ ಜೊತೆಗೆ ಕಳೆದುಕೊಂಡದ್ದು ಒಡನಾಟವನ್ನೇ, ದಿನಚರಿಯನ್ನೇ ಅಥವಾ ನಮ್ಮ ಗುರುತನ್ನೇ ಎಂದು ಕೇಳಿ ಬರೆಯಿಸುವ ಅಭ್ಯಾಸ ನನಗೆ ಬಹಳ ಉಪಕಾರಿಯಾಯಿತು. ಇಂಥ ದುಃಖಕ್ಕೆ ಜಾಗ ಕೊಡುವ ತರಬೇತಿಗಳು ವಿರಳ.

ರೂಢಿಗಳ ಕುರಿತ ಪಾಠ ಮಾತ್ರ, ಹೊಸ ನಡವಳಿಕೆ 21 ದಿನಗಳಲ್ಲಿ ನೆಲೆಯೂರುತ್ತದೆ ಎಂಬ ಹಳೆಯ ಭರವಸೆಯನ್ನೇ ಮತ್ತೆ ಹೇಳುತ್ತದೆ. ಇದನ್ನು ನಾನು ಒಪ್ಪಲಾರೆ. ಮನೋವಿಜ್ಞಾನ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯೊಂದಿಗೆ ನಡೆಸಿದ ಅಧ್ಯಯನದಲ್ಲಿ ಈ ಅವಧಿ ವ್ಯಕ್ತಿಯಿಂದ ವ್ಯಕ್ತಿಗೆ ಅಂದಾಜು 18ರಿಂದ 254 ದಿನಗಳವರೆಗೆ ಬದಲಾಗಿತ್ತು. ಒಂದು ದಿನ ತಪ್ಪಿದರೆ ಪ್ರಗತಿ ಅಳಿಸಿಹೋಗುವುದಿಲ್ಲವೆಂದೂ ಅದು ತೋರಿಸಿತು. ಈ ಮಾಹಿತಿಯನ್ನು ಸೇರಿಸಿದರೆ ಎಷ್ಟೋ ಜನ ಅರ್ಧದಲ್ಲೇ ಕೈಚೆಲ್ಲುವುದು ತಪ್ಪುತ್ತದೆ.

ವಿಡಿಯೊಗಳು ಸ್ಪಷ್ಟವಾಗಿವೆ. ಕೆಲಸ ಬಿಡುವ ಮೊದಲಿಗಿಂತ, ಬಿಟ್ಟ ಮೇಲಿನ ಗೊಂದಲದ ವಾರಗಳಲ್ಲಿ ಇದಕ್ಕೆ ಸೇರುವುದು ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ.